ಅಪ್ಪನ ಹೆಸರಿನ ಜಾಗ ಖಾಲಿ ಇದ್ದರೆ

ಯುವಜನರ ಪಾಠ
ಓದಿ: ನ್ಯಾಯಸ್ಥಾಪಕರು 11:1-11



ಗಿಲ್ಯಾದಿನ ಯೆಪ್ತಾಹ ವೇಶ್ಯೆಯ ಮಗ. ತಂದೆಯ ಧರ್ಮಪತ್ನಿಯ ಮಕ್ಕಳು ದೊಡ್ಡವರಾದ ಮೇಲೆ, ಆಸ್ತಿಯಲ್ಲಿ ಪಾಲಿಲ್ಲವೆಂದು ಅವನನ್ನು ಓಡಿಸಿದರು. ಯುದ್ಧ ಬಂದಾಗ ಅದೇ ಊರಿನ ಹಿರಿಯರು ಅವನನ್ನೇ ಹುಡುಕಿಕೊಂಡು ಹೋದರು. ಊರು ಬೇಡವೆಂದವನನ್ನು ದೇವರು ಬೇಡವೆನ್ನಲಿಲ್ಲ.

ಈ ಭಾಗ ಓದಿದ ದಿನ ನಮ್ಮ ಕೂಟದಲ್ಲಿ ಒಬ್ಬ ತಂಗಿ ಮೆಲ್ಲಗೆ ಕೇಳಿದಳು: "ಅಕ್ಕಾ, ಮದುವೆಯಾಗದ ತಾಯಿಯ ಮಗುವಿಗೆ ದೀಕ್ಷಾಸ್ನಾನ ಕೊಡ್ತಾರಾ? ಜನನ ಸರ್ಟಿಫಿಕೇಟ್ ಸಿಗುತ್ತಾ?" ನಮಗೆ ಕೂಡಲೇ ಉತ್ತರ ಹೇಳಲಾಗಲಿಲ್ಲ. ಆಮೇಲೆ ಕೇಳಿ, ಓದಿ ತಿಳಿದದ್ದು ಇದು.

1. ಧರ್ಮಸಭೆಯಲ್ಲಿ

ದೀಕ್ಷಾಸ್ನಾನ ಉಂಟು. ತಂದೆತಾಯಿಯರಲ್ಲಿ ಒಬ್ಬರಾದರೂ ಒಪ್ಪಬೇಕು, ಮಗು ವಿಶ್ವಾಸದಲ್ಲಿ ಬೆಳೆಯುವ ಭರವಸೆ ಇರಬೇಕು (ಧರ್ಮಸಭೆಯ ಕಾನೂನು 868). ತಾಯಿ ಯಾರೆಂಬುದು ಬಹಿರಂಗವಾಗಿ ತಿಳಿದಿದ್ದರೆ, ಅಥವಾ ಅವಳೇ ಬರೆದುಕೊಟ್ಟು ಇಲ್ಲವೇ ಇಬ್ಬರು ಸಾಕ್ಷಿಗಳ ಮುಂದೆ ಕೇಳಿಕೊಂಡರೆ, ರಿಜಿಸ್ಟರಿನಲ್ಲಿ ಅವಳ ಹೆಸರು ಬರೆಯಬೇಕು. ತಂದೆಯ ಹೆಸರಿಗೆ ಅಧಿಕೃತ ದಾಖಲೆ ಬೇಕು. ಇಲ್ಲವೇ ಗುರುಗಳು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಅವನೇ ಹೇಳಬೇಕು (877). ಊರಿನ ಮಾತು ಕೇಳಿ ಬರೆಯುವಂತಿಲ್ಲ.

1917ರ ಸಂಹಿತೆಯಲ್ಲಿ ಇಂಥ ಮಕ್ಕಳು ಗುರುಗಳಾಗಲು ಅಡ್ಡಿ ಇತ್ತು. 1983ರ ಸಂಹಿತೆ ಅದನ್ನು ಕೈಬಿಟ್ಟಿತು.

2. ದೇಶದ ಕಾನೂನಿನಲ್ಲಿ

ದೆಹಲಿಯಲ್ಲಿ ಒಬ್ಬ ಅವಿವಾಹಿತ ಕ್ರೈಸ್ತ ತಾಯಿ ತನ್ನ ಉಳಿತಾಯಕ್ಕೆ ಮಗನನ್ನು ನಾಮಿನಿ ಮಾಡಲು ಹೋದಳು. ತಂದೆಯ ಹೆಸರು ಕೊಡು, ಇಲ್ಲವೇ ಪೋಷಕಳೆಂದು ಕೋರ್ಟಿನ ಆದೇಶ ತಾ ಎಂದರು. 2015ರ ಜುಲೈ 6ರಂದು ಸುಪ್ರೀಂ ಕೋರ್ಟು ಅವಳ ಪರ ತೀರ್ಪು ಕೊಟ್ಟಿತು: ತಂದೆಯ ಹೆಸರು ಹೇಳಬೇಕೆಂದು ಅವಳನ್ನು ಬಲವಂತ ಮಾಡುವಂತಿಲ್ಲ. ಒಂಟಿ ತಾಯಿ ಅಫಿಡವಿಟ್ ಕೊಟ್ಟರೆ ಮಗುವಿನ ಜನನ ಸರ್ಟಿಫಿಕೇಟ್ ಕೊಡಬೇಕು.

ಜೀವನಾಂಶವೂ ಮಗುವಿನ ಹಕ್ಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ವಿವಾಹದ ಒಳಗೆ ಹುಟ್ಟಿದ ಮಗು, ಹೊರಗೆ ಹುಟ್ಟಿದ ಮಗು ಎಂದು ಭೇದ ಮಾಡುವುದಿಲ್ಲ.

ಆಸ್ತಿಯ ಮಾತು ಕಷ್ಟದ್ದು. ಕರ್ನಾಟಕದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಬಂದ ತೀರ್ಪಿನಂತೆ, ಅಸಿಂಧು ಮದುವೆಯ ಮಕ್ಕಳಿಗೆ ತಂದೆತಾಯಿಯರ ಪಾಲಿನಲ್ಲಿ ಹಕ್ಕುಂಟು. ಆದರೆ ಅದು ಹಿಂದೂ ಕಾನೂನು. ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ 'ಮಕ್ಕಳು' ಎಂದರೆ ವಿವಾಹದಲ್ಲಿ ಹುಟ್ಟಿದವರೆಂದೇ ಕೋರ್ಟುಗಳು ಸಾಮಾನ್ಯವಾಗಿ ಅರ್ಥ ಮಾಡಿವೆ. ಆದ್ದರಿಂದ ತಂದೆಯಾದವನು ಉಯಿಲು ಬರೆಯಬೇಕು, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಅದರಲ್ಲಿ 'ನನ್ನ ಮಕ್ಕಳಿಗೆ' ಎಂದಷ್ಟೇ ಬರೆದರೆ ಸಾಲದು. ಮಗುವಿನ ಹೆಸರನ್ನೇ ಬರೆಯಬೇಕು.

3. ನಮ್ಮ ಕೆಲಸ

ನಮ್ಮ ತಾಳವಾಡಿ ಬೆಟ್ಟದಲ್ಲಿ ಮನೆಮಾತು ಕನ್ನಡ, ಅರ್ಜಿ ತಮಿಳು. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಒಬ್ಬಳೇ ಹೋಗುವ ತಾಯಿ ಕಚೇರಿಗಿಂತ ನಮ್ಮ ಪಿಸುಮಾತಿಗೇ ಹೆಚ್ಚು ಹೆದರುತ್ತಾಳೆ. ತಮಿಳು ಓದಬಲ್ಲ ನಾವು ಜೊತೆಗೆ ಹೋಗೋಣ. ಹೆಂಗಸರಿಗೂ ಮಕ್ಕಳಿಗೂ ಕಾನೂನು ನೆರವು ಉಚಿತ, ಫೋನ್ 15100. ವಿವಾಹ ಪವಿತ್ರ ಸಂಸ್ಕಾರವೆಂದು ನಂಬುವ ನಾವೇ ಮಗುವೂ ದೇವರ ವರವೆಂದು ನಂಬುತ್ತೇವೆ.

ಕೂಟದಲ್ಲಿ ಚರ್ಚಿಸಲು
- ಯೆಪ್ತಾಹನನ್ನು ಓಡಿಸಿದವರಂತೆ ನಾವು ಯಾವಾಗ ನಡೆದುಕೊಂಡಿದ್ದೇವೆ?
- ನಮ್ಮ ಮಾತಿನಲ್ಲಿ ಮಗುವನ್ನು ಚುಚ್ಚುವ ಯಾವ ಪದವನ್ನು ಇಂದೇ ಬಿಡಬಹುದು?

ಪ್ರಾರ್ಥನೆ: ಪ್ರಭುವೇ, ಪ್ರತಿ ಮಗುವನ್ನೂ ಹೆಸರಿಡಿದು ಕರೆಯುವವರು ನೀವು. ನಮ್ಮ ನಾಲಿಗೆಯನ್ನು ಕಾಯಿರಿ, ನಮ್ಮ ಬಾಗಿಲನ್ನು ತೆರೆಯಿರಿ. ಆಮೆನ್.