ಎಲ್ಲರ ದನಿಯೂ ಕೇಳಲಿ

ಶಾಲಾ ವಾರ್ಷಿಕೋತ್ಸವಕ್ಕೆ ನೀವೆಲ್ಲ ಸೇರಿ ಸಾಮೂಹಿಕ ಗೀತೆ ಹಾಡಿದ್ದೀರಿ. ಟೀಚರ್ ಅದನ್ನು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಂಡರು. ಆಮೇಲೆ ಕೇಳಿದರೆ ಮುಂದಿನ ಸಾಲಿನ ಇಬ್ಬರ ದನಿ ಮಾತ್ರ ಜೋರು! ಹಿಂದೆ ನಿಂತು ಅಷ್ಟೇ ಚೆನ್ನಾಗಿ ಹಾಡಿದವರ ದನಿ ಎಲ್ಲಿ ಹೋಯಿತು? ಬನ್ನಿ, ಕಾರಣ ತಿಳಿಯೋಣ.

ಶಬ್ದವು ದೂರ ಹೋದಂತೆ ಹರಡಿ ಕ್ಷೀಣವಾಗುತ್ತದೆ. ದೂರ 2 ಪಟ್ಟಾದರೆ ಅದರ ತೀವ್ರತೆ 4ರಲ್ಲಿ 1 ಭಾಗವಾಗುತ್ತದೆ. ದೂರ 4 ಪಟ್ಟಾದರೆ 16ರಲ್ಲಿ 1 ಭಾಗ! ಮೊಬೈಲಿನಿಂದ ಮುಂದಿನ ಸಾಲು ಅರ್ಧ ಮೀಟರ್, ಹಿಂದಿನ ಸಾಲು 2 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಹಿಂದಿನವರ ದೂರ 4 ಪಟ್ಟು. ಅವರ ದನಿ ಅಡಗಿದ್ದು ಹೀಗೆ.

ಈಗ ಮೊಬೈಲನ್ನು ಎರಡೂವರೆ ಮೀಟರ್ ಹಿಂದಕ್ಕೆ ಸರಿಸಿ. ಮುಂದಿನ ಸಾಲು 3 ಮೀಟರ್, ಹಿಂದಿನ ಸಾಲು 4.5 ಮೀಟರ್ ದೂರವಾಯಿತು. ಹಿಂದಿನವರ ದೂರ ಈಗ ಒಂದೂವರೆ ಪಟ್ಟು ಮಾತ್ರ. ಅವರ ದನಿಯ ತೀವ್ರತೆ ಮುಂದಿನವರದರ ಸುಮಾರು ಅರ್ಧದಷ್ಟಿರುತ್ತದೆ. ಹಿಂದಿನ ಸಾಲಿನವರು ಬೆಂಚಿನ ಮೇಲೆ ನಿಂತರೆ ಮುಂದಿನವರ ತಲೆಗಳೂ ಅಡ್ಡ ಬರುವುದಿಲ್ಲ.

ಹಾಗಾದರೆ ಮೊಬೈಲನ್ನು ಇನ್ನೂ ದೂರ ಇಡಬಹುದೇ? ಬೇಡ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಗೋಡೆಗೆ ಬಡಿದು ಮರಳುವ ಶಬ್ದ ತುಸು ತಡವಾಗಿ ಬಂದು, ನೇರವಾಗಿ ಬಂದ ದನಿಯೊಡನೆ ಬೆರೆಯುತ್ತದೆ. ಬಹಳ ದೂರದಲ್ಲಿ ನೇರ ದನಿ ಕ್ಷೀಣವಾಗಿ, ಮರಳಿ ಬಂದದ್ದೇ ಹೆಚ್ಚಾಗುತ್ತದೆ. ಆಗ ಹಾಡಿನ ಪದಗಳು ಸ್ಪಷ್ಟವಾಗಿ ಕೇಳುವುದಿಲ್ಲ.

ಮಾಡಿ ನೋಡಿ

1. ಖಾಲಿ ಕೊಠಡಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಗುಂಗು ಕೇಳಿಸಿತೇ? ಈಗ ಜಮಖಾನ ಹಾಸಿ, ಕಿಟಕಿಗಳಿಗೆ ದಪ್ಪ ಬಟ್ಟೆ ಕಟ್ಟಿ ಮತ್ತೆ ತಟ್ಟಿ. ಮೆತ್ತನೆಯ ವಸ್ತುಗಳು ಶಬ್ದವನ್ನು ಹೀರಿಕೊಳ್ಳುತ್ತವೆ.

2. ಫ್ಯಾನ್ ತಿರುಗುವಾಗ ಒಂದು ಸಾಲು, ನಿಲ್ಲಿಸಿ ಒಂದು ಸಾಲು ಹಾಡಿ ಮುದ್ರಿಸಿ. ಹಾಡು ಕೇಳುವಾಗ ನಮ್ಮ ಮಿದುಳು ಫ್ಯಾನಿನ ಸದ್ದನ್ನು ಕಡೆಗಣಿಸುತ್ತದೆ. ಮೈಕಿಗೆ ಅದು ಗೊತ್ತಿಲ್ಲ.

3. ಮೊಬೈಲನ್ನು 1, 3 ಮತ್ತು 6 ಮೀಟರ್ ದೂರದಲ್ಲಿಟ್ಟು ಅದೇ ಸಾಲನ್ನು ಹಾಡಿ. ಕೈಯಲ್ಲಿ ಹಿಡಿಯದೆ ಮೇಜಿನ ಮೇಲೆ, ಮಡಿಸಿದ ಟವೆಲ್ ಮೇಲೆ ಇಡಿ. ಯಾವ ದೂರದಲ್ಲಿ ಹಿಂದಿನ ಸಾಲಿನ ಗೆಳೆಯರ ದನಿಯೂ, ಪದಗಳೂ ಸ್ಪಷ್ಟವಾಗಿವೆ? ನಿಮ್ಮ ಕೊಠಡಿಗೆ ಅದೇ ಸರಿಯಾದ ಜಾಗ.

ಯೋಚಿಸಿ: ಶಾಲೆಯ ಮೈದಾನದಲ್ಲಿ ಹಾಡಿದರೆ ಯಾವ ತೊಂದರೆ ಕಡಿಮೆಯಾಗುತ್ತದೆ? ಯಾವ ಹೊಸ ತೊಂದರೆ ಬರುತ್ತದೆ?