ಹೃದಯದ ಕವಾಟ ಕೆಟ್ಟರೆ ಏನಾಗುತ್ತೆ?

ಬಾವಿ ಪಂಪಿನ ಫುಟ್ ವಾಲ್ವ್ ನೋಡಿದ್ದೀರಲ್ಲ? ನೀರು ಮೇಲಕ್ಕೆ ಹೋಗಬೇಕು, ವಾಪಸ್ ಬರಬಾರದು. ಹೃದಯದಲ್ಲೂ ಇಂಥ ಕವಾಟಗಳು ನಾಲ್ಕಿವೆ: ಮೈಟ್ರಲ್, ಟ್ರೈಕಸ್ಪಿಡ್, ಅಯೋರ್ಟಿಕ್, ಪಲ್ಮನರಿ. ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತವೆ. ನಮ್ಮ ಯಾವ ಪಂಪಿಗೂ ಇಷ್ಟು ಕೆಲಸ ಇಲ್ಲ!

ಕವಾಟ ಕೆಡೋದು ಎರಡು ರೀತಿ. ಪೂರ್ತಿ ತೆರೆಯದಿದ್ದರೆ ಸ್ಟೆನೋಸಿಸ್. ಪೂರ್ತಿ ಮುಚ್ಚದೆ ರಕ್ತ ಹಿಂದಕ್ಕೆ ಲೀಕ್ ಆದರೆ ರಿಗರ್ಜಿಟೇಶನ್. ಕೆಲವರಿಗೆ ಎರಡೂ ಇರುತ್ತೆ.

ಕಾರಣಗಳು

ವಯಸ್ಸಾದಂತೆ ಕವಾಟದಲ್ಲಿ ಕ್ಯಾಲ್ಸಿಯಂ ಕೂತು ಅದು ಗಟ್ಟಿಯಾಗಬಹುದು. ಕೆಲವರಿಗೆ ಹುಟ್ಟಿನಿಂದಲೇ ಅಯೋರ್ಟಿಕ್ ಕವಾಟಕ್ಕೆ 3 ಎಸಳಿನ ಬದಲು 2 ಇರುತ್ತವೆ. ಬ್ಯಾಕ್ಟೀರಿಯಾ ನೇರವಾಗಿ ಕವಾಟಕ್ಕೇ ಅಂಟಿ ಅದನ್ನು ಹಾಳು ಮಾಡೋದೂ ಉಂಟು. ಆದರೆ ನಮ್ಮ ದೇಶದ ಎಳೆಯರಲ್ಲಿ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಇದು ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುತ್ತೆ. ಶುರುವಾಗೋದು ಸ್ಟ್ರೆಪ್ಟೊಕಾಕಸ್ ಗಂಟಲು ಸೋಂಕಿನಿಂದ. ಗಂಟಲು ವಾಸಿಯಾಗಿ 2-3 ವಾರಕ್ಕೆ ಜ್ವರ, ಕೀಲುನೋವು ಬರುತ್ತೆ. ಸೋಂಕಿನ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ತನ್ನದೇ ಕವಾಟದ ಮೇಲೂ ದಾಳಿ ಮಾಡುತ್ತೆ. ಕೀಲುನೋವು ಹೋಗುತ್ತೆ, ಕವಾಟದ ಗಾಯ ಉಳಿಯುತ್ತೆ.

ಮುಂದೇನು?

ಮೈಟ್ರಲ್ ಕವಾಟದ ಬಾಯಿ ಸಾಮಾನ್ಯವಾಗಿ 4-6 ಚದರ ಸೆಂ.ಮೀ. ಇರುತ್ತೆ. ಅದು 1.5ಕ್ಕೆ ಇಳಿದರೆ ತೀವ್ರ ಸ್ಟೆನೋಸಿಸ್. ಆಗ ಒತ್ತಡ ಹಿಂದಕ್ಕೆ, ಶ್ವಾಸಕೋಶದವರೆಗೂ ಏರುತ್ತೆ. ಮೆಟ್ಟಿಲು ಹತ್ತಿದರೆ ಏದುಸಿರು. ಎಡ ಹೃತ್ಕರ್ಣ ಹಿಗ್ಗಿ ಬಡಿತ ತಾಳ ತಪ್ಪುತ್ತೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಎಷ್ಟೋ ಹೆಣ್ಣುಮಕ್ಕಳಿಗೆ ಈ ಕಾಯಿಲೆ ಗೊತ್ತಾಗೋದೇ ಗರ್ಭಿಣಿಯಾದಾಗ, ಯಾಕಂದ್ರೆ ಆಗ ರಕ್ತದ ಪ್ರಮಾಣ ಹೆಚ್ಚಿ ಹೃದಯದ ಮೇಲೆ ಭಾರ ಬೀಳುತ್ತೆ.

ರಿಪೇರಿ

ಕಿರಿದಾದ ಮೈಟ್ರಲ್ ಕವಾಟವನ್ನು ಕೆಲವರಿಗೆ ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ಬಲೂನ್ ಕಳಿಸಿ ಹಿಗ್ಗಿಸಬಹುದು. ಆಗದಿದ್ದರೆ ಕೃತಕ ಕವಾಟ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ತಂಡ ಮಾಡಿದ ಮೂರು ಮಾದರಿಗಳು ಕೈಕೊಟ್ಟವು. ನಾಲ್ಕನೆಯದು ಗೆದ್ದಿತು: ಲೋಹದ ಚೌಕಟ್ಟು, ಒಳಗೆ ಓರೆಯಾಗಿ ತೆರೆಯುವ ಪ್ಲಾಸ್ಟಿಕ್ ಬಿಲ್ಲೆ. 1990ರ ಡಿಸೆಂಬರ್‌ನಲ್ಲಿ ಅದನ್ನು ಮೊದಲ ಸಲ ರೋಗಿಗೆ ಅಳವಡಿಸಿದರು. ಆದರೆ ಇಂಥ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವನಪೂರ್ತಿ ತಗೋಬೇಕು.

ಅದಕ್ಕಿಂತ ಅಗ್ಗದ ದಾರಿ ಪೆನಿಸಿಲಿನ್. ಸ್ಟ್ರೆಪ್ ಗಂಟಲಿಗೆ ಸಮಯಕ್ಕೆ ಸರಿಯಾಗಿ ಕೊಟ್ಟರೆ ರುಮ್ಯಾಟಿಕ್ ಜ್ವರವನ್ನೇ ತಡೆಯಬಹುದು. ಮನೇಲಿ ತಮ್ಮನೋ ತಂಗಿಯೋ ಜ್ವರದ ಜೊತೆ ಗಂಟಲು ನೋವು ಅಂದ್ರೆ ಡಾಕ್ಟರಿಗೆ ತೋರಿಸಿ. ಕೊಟ್ಟ ಮಾತ್ರೆಗಳನ್ನು ಅರ್ಧಕ್ಕೆ ಬಿಡಿಸಬೇಡಿ.