ಒಳಕಿವಿಯ ಎರಡು ದ್ರವಗಳು

ಉದ್ದೇಶ: ಒಳಕಿವಿಯ ಅಂಗಾಂಶಗಳು ದ್ರವದ ಸಮತೋಲನವನ್ನು ಕಾಯುವ ಬಗೆಯನ್ನೂ ಅದು ತಪ್ಪಿದಾಗ ಒದಗುವ ತೊಂದರೆಗಳನ್ನೂ ವಿದ್ಯಾರ್ಥಿಗಳು ಅರಿಯುವುದು.

ವಿವರಣೆ: ಕಿವಿಯ ಪಾಠದಲ್ಲಿ ಕಿವಿತಮಟೆ, ಮೂರು ಕಿರುಮೂಳೆಗಳು, ಶಂಖದಾಕಾರದ ಕಾಕ್ಲಿಯ ಇವುಗಳ ಚಿತ್ರ ಬರೆಯಿಸುತ್ತೇವೆ, ಕಾಕ್ಲಿಯದಲ್ಲಿ ದ್ರವವಿದೆ ಎಂದು ಹೇಳಿ ಮುಂದೆ ಸಾಗುತ್ತೇವೆ. ವಾಸ್ತವವಾಗಿ ಅಲ್ಲಿರುವುದು ಎರಡು ದ್ರವಗಳು. ಪೆರಿಲಿಂಫ್‌ನಲ್ಲಿ ಸೋಡಿಯಂ ಹೆಚ್ಚು, ಎಂಡೊಲಿಂಫ್‌ನಲ್ಲಿ ಪೊಟ್ಯಾಸಿಯಂ ಹೆಚ್ಚು. ಜೀವಕೋಶಗಳ ಹೊರಗಿನ ದ್ರವಗಳಲ್ಲಿ ಸಾಮಾನ್ಯವಾಗಿ ಸೋಡಿಯಂ ಪ್ರಧಾನವಾಗಿರುವುದರಿಂದ ಎಂಡೊಲಿಂಫ್ ಒಂದು ಅಪವಾದ.

ಈ ಅಪವಾದಕ್ಕೆ ಕಾರಣ, ಕಾಕ್ಲಿಯದ ಹೊರಗೋಡೆಯಲ್ಲಿರುವ ‘ಸ್ಟ್ರಯಾ ವ್ಯಾಸ್ಕುಲಾರಿಸ್’ ಎಂಬ ಅಂಗಾಂಶ. ರಕ್ತನಾಳಗಳಿಂದ ತುಂಬಿದ ಇದು ಎಂಡೊಲಿಂಫ್‌ಗೆ ಪೊಟ್ಯಾಸಿಯಂ ಅಯಾನುಗಳನ್ನು ಸ್ರವಿಸುತ್ತದೆ. ಅಲ್ಲಿ ಸುಮಾರು 80 ಮಿಲಿವೋಲ್ಟಿನ ಧನ ವಿಭವವನ್ನೂ ಕಾಯ್ದುಕೊಳ್ಳುತ್ತದೆ. ಶಬ್ದದಿಂದ ರೋಮಕೋಶಗಳ ತುದಿಯ ಎಳೆಗಳು ಬಾಗಿದಾಗ ಪೊಟ್ಯಾಸಿಯಂ ಕೋಶದೊಳಕ್ಕೆ ನುಗ್ಗುತ್ತದೆ. ನರಕ್ಕೆ ಸಂದೇಶ ಸಲ್ಲುತ್ತದೆ. ಬಳಿಕ ಅದು ಕೋಶದ ತಳಭಾಗದಿಂದ ಹೊರಬಂದು, ನೆರೆಯ ಕೋಶಗಳನ್ನು ಒಂದೊಂದಾಗಿ ದಾಟಿ ಸ್ಟ್ರಯಾಕ್ಕೆ ಮರಳುತ್ತದೆ. ಆ ನೆರೆಕೋಶಗಳನ್ನು ಬೆಸೆಯುವ ‘ಕನೆಕ್ಸಿನ್ 26’ ಎಂಬ ಪ್ರೋಟೀನಿನ ವಂಶವಾಹಿಯಲ್ಲಿನ ದೋಷವು ಹುಟ್ಟುಕಿವುಡಿನ ಸಾಮಾನ್ಯ ಆನುವಂಶಿಕ ಕಾರಣಗಳಲ್ಲೊಂದು.

ದ್ರವದ ಪ್ರಮಾಣ ಏರಿದರೂ ತೊಂದರೆಯೇ. ತಲೆಸುತ್ತು ಮಿದುಳಿನ ರೋಗವೆಂದೇ ಬಗೆಯುತ್ತಿದ್ದ ಕಾಲದಲ್ಲಿ, ಪ್ಯಾರಿಸ್ಸಿನ ಕಿವುಡ ಮಕ್ಕಳ ಶಾಲೆಯ ವೈದ್ಯ ಪ್ರಾಸ್ಪರ್ ಮೆನಿಯೆರ್ ಅದರ ಮೂಲ ಒಳಕಿವಿಯಲ್ಲಿಯೂ ಇರಬಹುದೆಂದು 1861ರಲ್ಲಿ ತಿಳಿಸಿದನು. ಅವನ ಹೆಸರಿನ ರೋಗದಲ್ಲಿ ತಲೆಸುತ್ತು, ಕಿವಿಮೊರೆತ, ಶ್ರವಣದೋಷಗಳು ಕೂಡಿರುತ್ತವೆ. ಅಂತಹ ರೋಗಿಗಳಲ್ಲಿ ಎಂಡೊಲಿಂಫ್ ತುಂಬಿ ಅದರ ನಾಳ ಉಬ್ಬಿರುವುದು 1938ರಲ್ಲಿ ಕಂಡುಬಂದಿತು.

ತರಗತಿಯಲ್ಲಿ: ಮೇಲಿನ ತೊಟ್ಟಿ, ಪಂಪು, ನಲ್ಲಿ ಇವುಗಳ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ನಲ್ಲಿ ಚೆನ್ನಾಗಿದ್ದರೂ ಪಂಪು ನಿಂತರೆ ನೀರು ಬಾರದು. ಸ್ಟ್ರಯಾ ಪಂಪಿನಂತೆ, ರೋಮಕೋಶ ನಲ್ಲಿಯಂತೆ.

ಶಿಕ್ಷಕರ ಗಮನಕ್ಕೆ: ಈ ದೋಷಗಳು ಹೊರಗಿವಿಯನ್ನು ನೋಡಿದರೆ ಕಾಣವು. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಮಕ್ಕಳಿರುವ ನಮ್ಮ ತರಗತಿಗಳಲ್ಲಿ, ಉತ್ತರಿಸದ ಮಗುವಿಗೆ ಕನ್ನಡ ತಿಳಿಯದೆಂದು ಎಣಿಸುವುದು ಸುಲಭ. ಮಗುವಿನ ಹಿಂದೆ ನಿಂತು ಅದರ ಮನೆಮಾತಿನಲ್ಲಿಯೇ ಮೆಲ್ಲನೆ ಕರೆದು ನೋಡಿರಿ. ಆಗಲೂ ತಿರುಗದಿದ್ದರೆ, ತಂದೆತಾಯಿಗಳೊಡನೆ ಮಾತನಾಡಿ ಶ್ರವಣ ಪರೀಕ್ಷೆಗೆ ಕಳುಹಿಸುವುದು ನಮ್ಮ ಕರ್ತವ್ಯ. ತಿರುಗಿದರೂ ಸಂದೇಹ ಉಳಿದಲ್ಲಿ ಪರೀಕ್ಷೆಯೇ ಲೇಸು.

ಪ್ರಶ್ನೆಗಳು:
1. ಎಂಡೊಲಿಂಫ್ ಪೆರಿಲಿಂಫ್‌ಗಿಂತ ಹೇಗೆ ಭಿನ್ನ?
2. ರೋಮಕೋಶಗಳು ಆರೋಗ್ಯವಾಗಿದ್ದರೂ ಸ್ಟ್ರಯಾ ಕೆಟ್ಟರೆ ಕಿವಿ ಏಕೆ ಸರಿಯಾಗಿ ಕೇಳದು?